ಅಗ್ಗದ ಬ್ರಷ್‌ಲೆಸ್ ಮೋಟರ್, ಭಾರದ ಟ್ರಕ್ಕು, ವಯನಾಡಿನ ಏರು: ಪರೀಕ್ಷಿಸುವ ಬಗೆ

ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ.

ಪೀಠಿಕೆ

ನನ್ನ ದನಿ ಕೇಳ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ. ಇಲ್ಲಿ ಮಾನಂತವಾಡಿ ಕಡೆ ಮಳೆ ಹಿಡಿದಿದೆ, ನಡುವೆ ನೆಟ್‌ವರ್ಕ್ ಕಡಿದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ಇವತ್ತಿನ ವಿಷಯ ಮೇಲ್ನೋಟಕ್ಕೆ ಮಕ್ಕಳ ಆಟಿಕೆಯ ವಿಷಯದ ಹಾಗೆ ಕಾಣಬಹುದು. ರೇಡಿಯೊ ನಿಯಂತ್ರಣದ ಒಂದು ದೊಡ್ಡ ಟ್ರಕ್ಕು, ಅದಕ್ಕೆ ಹಾಕುವ ಕಡಿಮೆ ಬೆಲೆಯ ಬ್ರಷ್‌ಲೆಸ್ ಮೋಟರು, ಅದನ್ನು ಪರೀಕ್ಷಿಸುವುದು ಹೇಗೆ ಅನ್ನೋದು. ಆದರೆ ಈ ಪ್ರಶ್ನೆಯನ್ನು ನನ್ನ ಬಳಿಗೆ ತಂದವರು ಆಟಕ್ಕಾಗಿ ತಂದವರಲ್ಲ. ಕಾಫಿ ತೋಟದ ಏರಿನಲ್ಲಿ ಮೆಣಸಿನ ಬುಟ್ಟಿ, ಗೊಬ್ಬರದ ಚೀಲ ಸಾಗಿಸುವ ಒಂದು ಸಣ್ಣ ಗಾಡಿಯ ಮಾದರಿ ಮಾಡಬೇಕು ಅಂತ ಹೊರಟ ಹುಡುಗರು. ಕೈಯಲ್ಲಿ ಹೆಚ್ಚು ಹಣ ಇಲ್ಲ. ಮೋಟರ್ ಸುಟ್ಟರೆ ಇನ್ನೊಂದು ತರಿಸೋಕೆ ಆಗಲ್ಲ, ಆ ವರ್ಷದ ಕೆಲಸ ಅಲ್ಲಿಗೇ ನಿಂತ ಹಾಗೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಏರಿನ ಮೇಲೆ ಭಾರ ಹೊತ್ತು ನಿಂತ ಗಾಡಿಯ ಮೋಟರ್ ಕೈಕೊಟ್ಟರೆ ಗಾಡಿ ಹಿಂದಕ್ಕೆ ಬರುತ್ತೆ. ಕೆಳಗೆ ಮನುಷ್ಯರು ಕೆಲಸ ಮಾಡ್ತಾ ಇರ್ತಾರೆ. ಆದ್ದರಿಂದ ‘ಅಗ್ಗದ ಮೋಟರ್ ನಂಬಬಹುದೇ?’ ಅನ್ನುವ ಪ್ರಶ್ನೆ ಬರೀ ದುಡ್ಡಿನ ಪ್ರಶ್ನೆಯಲ್ಲ.

ಎರಡು ಪದಗಳನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳೋಣ. ಇಲ್ಲಿ ‘ಭಾರದ ಟ್ರಕ್ಕು’ ಅಂದರೆ 1:8 ಅಳತೆಯ, ಬ್ಯಾಟರಿ ಸೇರಿ ಸುಮಾರು 5 ಕೆಜಿ ತೂಗುವ, ದೊಡ್ಡ ಚಕ್ರದ ಮಾನ್ಸ್ಟರ್ ಟ್ರಕ್ಕು. ‘ಅಗ್ಗ’ ಅಂದರೆ ಹೆಸರಾಂತ ಕಂಪನಿಗಳ ಬೆಲೆಯ ಮೂರನೇ ಒಂದು ಭಾಗಕ್ಕೋ ಅದಕ್ಕಿಂತ ಕಡಿಮೆಗೋ ಸಿಗುವಂಥದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಆನ್‌ಲೈನ್ ಅಂಗಡಿಯಲ್ಲೋ ಕೊಂಡರೆ ಬಿಲ್ ಇರಬಹುದು, ಆದರೆ ಅದರ ತಾಂತ್ರಿಕ ಪತ್ರ ಸಾಮಾನ್ಯವಾಗಿ ಇರೋದಿಲ್ಲ. ಪರೀಕ್ಷೆ ಬೇಕಾಗೋದೇ ಅದಕ್ಕೆ. ಬ್ರಾಂಡುಗಳ ಹೆಸರು ಹೇಳಿ ಒಳ್ಳೇದು ಕೆಟ್ಟದ್ದು ಅಂತ ತೀರ್ಪು ಕೊಡುವುದು ಈ ಪ್ರಬಂಧದ ಉದ್ದೇಶವಲ್ಲ. ಯಾವುದೇ ಮೋಟರ್ ನಿಮ್ಮ ಕೈಗೆ ಬಂದರೂ ಅದನ್ನು ನೀವೇ ಅಳೆದು ನೋಡುವಂತಾಗಬೇಕು, ಅಷ್ಟೇ.

ಬ್ರಷ್ ಇಲ್ಲದ ಮೋಟರ್ ಅಂದ್ರೆ

ಹಳೆಯ ಮೋಟರಿನಲ್ಲಿ ತಾಮ್ರದ ಸುರುಳಿ ತಿರುಗುತ್ತೆ, ಅಯಸ್ಕಾಂತ ಹೊರಗೆ ನಿಂತಿರುತ್ತೆ. ತಿರುಗುವ ಸುರುಳಿಗೆ ಕರೆಂಟ್ ಮುಟ್ಟಿಸಲು ಕಾರ್ಬನ್ ಬ್ರಷ್ ಬೇಕು. ಬ್ರಷ್‌ಲೆಸ್‌ನಲ್ಲಿ ಇದು ತಿರುವುಮುರುವು. ಸುರುಳಿ ಹೊರಗೆ ನಿಂತಿರುತ್ತೆ, ಅಯಸ್ಕಾಂತ ನಡುವೆ ತಿರುಗುತ್ತೆ. ಯಾವ ಸುರುಳಿಗೆ ಯಾವಾಗ ಕರೆಂಟ್ ಕೊಡಬೇಕು ಅನ್ನೋದನ್ನ ಬ್ರಷ್ ಬದಲು ಟ್ರಾನ್ಸಿಸ್ಟರುಗಳು ನೋಡಿಕೊಳ್ಳುತ್ತವೆ. ಆ ಟ್ರಾನ್ಸಿಸ್ಟರುಗಳ ಪೆಟ್ಟಿಗೆಯೇ ಇಎಸ್‌ಸಿ, ಅಂದರೆ ವೇಗ ನಿಯಂತ್ರಕ. ಅಮೆರಿಕದ ವಿಲ್ಸನ್ ಮತ್ತು ಟ್ರಿಕಿ ಎಂಬ ಇಬ್ಬರು ಈ ಬಗೆಯ ಯಂತ್ರದ ಬಗ್ಗೆ 1962ರಲ್ಲಿ ಪ್ರಬಂಧ ಪ್ರಕಟಿಸಿದರು. 1980ರ ದಶಕದಲ್ಲಿ ನಿಯೋಡಿಮಿಯಂ ಅಯಸ್ಕಾಂತ ಬಂದ ಮೇಲೆ ಮೋಟರು ಚಿಕ್ಕದಾಯಿತು, ಬಲ ಹೆಚ್ಚಿತು. ಇವತ್ತು ನಮ್ಮ ಮನೆಯ ಕಡಿಮೆ ಕರೆಂಟಿನ ಸೀಲಿಂಗ್ ಫ್ಯಾನ್, ಡ್ರೋನ್, ವಿದ್ಯುತ್ ಸ್ಕೂಟರ್ ಎಲ್ಲದರ ಒಳಗೂ ಇದೇ ವಂಶದ ಮೋಟರು ಇರೋದು.

ಇಲ್ಲಿ ಒಂದು ಅಂಶವನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಸುರುಳಿ ಹೊರಗಿರುವುದರಿಂದ ಅದರ ಬಿಸಿ ಡಬ್ಬಿಯ ಮೂಲಕ ಗಾಳಿಗೆ ಹೋಗುತ್ತೆ. ಅಯಸ್ಕಾಂತ ಮಾತ್ರ ಒಳಗೆ, ಗಾಳಿಯ ತೆಳು ಸಂದಿಯ ಆಚೆ ಇರುತ್ತೆ. ಅದಕ್ಕೆ ಬಿಸಿ ತಟ್ಟೋದೂ ನಿಧಾನ, ಆರೋದೂ ನಿಧಾನ.

ಲೇಬಲ್ ಓದುವುದು

ಮೋಟರಿನ ಮೇಲೆ 3650, 3674, 4274 ಹೀಗೆ ನಾಲ್ಕು ಅಂಕಿ ಇರುತ್ತೆ. ಮೊದಲ ಎರಡು ಡಬ್ಬಿಯ ವ್ಯಾಸ, ಕೊನೆಯ ಎರಡು ಉದ್ದ, ಎರಡೂ ಮಿಲಿಮೀಟರಿನಲ್ಲಿ. 5 ಕೆಜಿ ಟ್ರಕ್ಕಿಗೆ 42 ಮಿಲಿಮೀಟರ್ ವರ್ಗ ಸರಿ. 36 ಮಿಲಿಮೀಟರಿನದು ಹಗುರ ಬಗ್ಗಿಗಳಿಗೆ.

ಆಮೇಲೆ ‘ಕೆವಿ’ ಅಂತ ಒಂದು ಸಂಖ್ಯೆ. ಇದು ಕಿಲೋವೋಲ್ಟ್ ಅಲ್ಲ. ಒಂದು ವೋಲ್ಟಿಗೆ ಭಾರ ಇಲ್ಲದೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು. 2200 ಕೆವಿ ಮೋಟರಿಗೆ 4 ಸೆಲ್ಲಿನ ಬ್ಯಾಟರಿಯ 14.8 ವೋಲ್ಟ್ ಕೊಟ್ಟರೆ ನಿಮಿಷಕ್ಕೆ ಸುಮಾರು 32,500 ಸುತ್ತು.

ಕೆವಿಗೆ ಅಂಟಿಕೊಂಡ ಒಂದು ನಂಬಿಕೆ ಇದೆ, ಎಲ್ಲ ಕಡೆ ಕೇಳಿಬರುತ್ತೆ: ‘ಕೆವಿ ಕಡಿಮೆ ಇದ್ದರೆ ಎಳೆತ ಹೆಚ್ಚು’. ಇದು ಅರ್ಧ ನಿಜ ಮಾತ್ರ. ಕೆವಿ ಅರ್ಧ ಆದರೆ ಒಂದು ಆಂಪಿಯರಿಗೆ ಸಿಗುವ ತಿರುಚುಬಲ ಎರಡು ಪಟ್ಟು ಆಗುತ್ತೆ, ಅದು ಸರಿ. ಆದರೆ ಅದೇ ಡಬ್ಬಿಯಲ್ಲಿ ಕೆವಿ ಅರ್ಧ ಮಾಡಬೇಕಾದರೆ ತಂತಿಯ ಸುತ್ತು ಎರಡು ಪಟ್ಟು ಬೇಕು. ಜಾಗ ಅಷ್ಟೇ ಇರುವುದರಿಂದ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಅರ್ಧ ಆಗಬೇಕು. ಉದ್ದ ಎರಡು ಪಟ್ಟು, ಅಡ್ಡಕೊಯ್ತ ಅರ್ಧ, ಅಂದ್ರೆ ರೋಧ ನಾಲ್ಕು ಪಟ್ಟು. ಬಿಸಿ ಅಂದರೆ ಕರೆಂಟಿನ ವರ್ಗ ಗುಣಿಸು ರೋಧ. ಕರೆಂಟ್ ಅರ್ಧ ಆಗಿ ವರ್ಗ ಕಾಲು ಭಾಗ ಆಯಿತು, ರೋಧ ನಾಲ್ಕು ಪಟ್ಟಾಯಿತು. ಕೊನೆಗೆ ಅದೇ ಎಳೆತಕ್ಕೆ ಅಷ್ಟೇ ಬಿಸಿ! ಹಾಗಾಗಿ ಎಳೆತದ ಶಕ್ತಿ ಇರೋದು ಕೆವಿಯಲ್ಲಲ್ಲ, ಡಬ್ಬಿಯ ಗಾತ್ರದಲ್ಲಿ, ಒಳಗಿನ ತಾಮ್ರ ಮತ್ತು ಅಯಸ್ಕಾಂತದಲ್ಲಿ. ಕಡಿಮೆ ಕೆವಿಯಿಂದ ಆಗುವ ನಿಜವಾದ ಲಾಭ ಬೇರೆ: ಹೆಚ್ಚು ಸೆಲ್ ಹಾಕಬಹುದು, ಕಡಿಮೆ ಕರೆಂಟಿನಲ್ಲಿ ಕೆಲಸ ನಡೆಯುತ್ತೆ, ವೈರು, ಕನೆಕ್ಟರು, ಇಎಸ್‌ಸಿ ತಣ್ಣಗಿರುತ್ತವೆ.

ಮೂರನೆಯದು ವ್ಯಾಟ್. ಅಗ್ಗದ ಮೋಟರಿನ ಮೇಲೆ ಬರೆದ ವ್ಯಾಟನ್ನು ನಾನು ನೋಡೋದೇ ಇಲ್ಲ. ಎಷ್ಟು ಹೊತ್ತು, ಯಾವ ಉಷ್ಣಾಂಶದಲ್ಲಿ, ಎಷ್ಟು ಗಾಳಿಯಲ್ಲಿ ಅಂತ ಹೇಳದ ವ್ಯಾಟಿಗೆ ಅರ್ಥ ಇಲ್ಲ.

ಏರಿನ ಲೆಕ್ಕ

ವಯನಾಡಿಗೆ ಕೋಯಿಕ್ಕೋಡಿನ ಕಡೆಯಿಂದ ಬರಬೇಕಾದರೆ ತಾಮರಶ್ಶೇರಿ ಘಾಟಿ ಹತ್ತಬೇಕು. ಅಡಿವಾರದಿಂದ ಲಕ್ಕಿಡಿಯವರೆಗೆ ಒಂಬತ್ತು ಹೇರ್‌ಪಿನ್ ತಿರುವು. ಅಲ್ಲಿ ಭಾರದ ಲಾರಿಗಳು ಏನು ಮಾಡುತ್ತವೆ ನೋಡಿ. ಎಂಜಿನ್ ದೊಡ್ಡದು ಅಂತ ಟಾಪ್ ಗೇರಿನಲ್ಲಿ ಹೋಗಲ್ಲ, ಒಂದು ಎರಡನೇ ಗೇರಿಗೆ ಇಳಿಸಿ ನಿಧಾನಕ್ಕೆ ಹತ್ತುತ್ತವೆ. ನಮ್ಮ ಸಣ್ಣ ಟ್ರಕ್ಕಿಗೂ ಅದೇ ನಿಯಮ. ಗೇರ್ ಬದಲಿಸಲು ಅಲ್ಲಿ ಚಾಲಕ ಇಲ್ಲ, ಪಿನಿಯನ್ ಚಕ್ರವನ್ನು ನಾವೇ ಮೊದಲು ಆರಿಸಿ ಹಾಕಿರಬೇಕು, ಅಷ್ಟೇ ವ್ಯತ್ಯಾಸ.

ಈಗ ಒಂದು ಲೆಕ್ಕ ಮಾಡೋಣ. ತೋಟದೊಳಗಿನ ದಾರಿ 100 ಮೀಟರಿಗೆ 20 ಮೀಟರ್ ಏರುತ್ತೆ ಅಂದುಕೊಳ್ಳಿ. ಟ್ರಕ್ಕು 5 ಕೆಜಿ. ಅದನ್ನು ಹಿಂದಕ್ಕೆಳೆಯುವ ಗುರುತ್ವದ ಬಲ ಸುಮಾರು 9.6 ನ್ಯೂಟನ್. ಹುಲ್ಲು, ಹಸಿಮಣ್ಣಿನಲ್ಲಿ ಚಕ್ರ ಉರುಳುವುದಕ್ಕೆ ತೂಕದ ಹತ್ತನೇ ಒಂದು ಭಾಗ ಅಂತ ಇಟ್ಟರೆ 4.8 ನ್ಯೂಟನ್. ಒಟ್ಟು 14.4. ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹತ್ತಲು ಬೇಕಾದ್ದು ಬರೀ 72 ವ್ಯಾಟ್. ಲೇಬಲಿನ ಮೇಲೆ ಎರಡು ಸಾವಿರ ವ್ಯಾಟ್ ಬರೆದ ಮೋಟರಿಗೆ ಇದೇನು ದೊಡ್ಡ ಕೆಲಸ ಅನಿಸುತ್ತೆ ಅಲ್ವಾ? ಹಾಗಿದ್ದರೆ ಏರಿನಲ್ಲಿ ಮೋಟರ್ ಯಾಕೆ ಸುಡುತ್ತೆ?

ಉತ್ತರ ಇರೋದು ಕರೆಂಟಿನಲ್ಲಿ. ಚಕ್ರದ ವ್ಯಾಸ 150 ಮಿಲಿಮೀಟರ್, ಮೋಟರಿನಿಂದ ಚಕ್ರಕ್ಕೆ ಗೇರ್ ಅನುಪಾತ 10:1, ಗೇರುಗಳಲ್ಲಿ 15 ಶೇಕಡಾ ನಷ್ಟ ಅಂತ ಹಿಡಿದರೆ ಮೋಟರ್ ಕೊಡಬೇಕಾದ ತಿರುಚುಬಲ 0.127 ನ್ಯೂಟನ್ ಮೀಟರ್. 2200 ಕೆವಿ ಮೋಟರ್ ಒಂದು ಆಂಪಿಯರಿಗೆ ಕೊಡೋದು 0.00434. ಈ ಸಂಖ್ಯೆ ಎಲ್ಲಿಂದ ಬಂತು ಅಂದ್ರೆ, 9.55ನ್ನು ಕೆವಿಯಿಂದ ಭಾಗಿಸಿದರೆ ಸಾಕು. ಅಲ್ಲಿಗೆ ಸುರುಳಿಯಲ್ಲಿ ಹರಿಯೋ ಕರೆಂಟು ಸುಮಾರು 29 ಆಂಪಿಯರ್.

ವಿಶೇಷ ಏನಪ್ಪಾ ಅಂದ್ರೆ, ಇದೇ ಹೊತ್ತಿನಲ್ಲಿ ಬ್ಯಾಟರಿಯ ವೈರಿಗೆ ಮೀಟರ್ ಹಾಕಿ ನೋಡಿದರೆ 7 ಆಂಪಿಯರ್ ಆಸುಪಾಸಿನಲ್ಲಿ ಇರುತ್ತೆ! ಇಎಸ್‌ಸಿ ಅರ್ಧಂಬರ್ಧ ಥ್ರಾಟಲಿನಲ್ಲಿ ವೋಲ್ಟೇಜ್ ಇಳಿಸಿ ಕರೆಂಟ್ ಏರಿಸುತ್ತೆ. ಬ್ಯಾಟರಿ ಕಡೆಯ ಮೀಟರ್ ನೋಡಿ ‘ಏನೂ ಭಾರ ಇಲ್ಲ’ ಅಂತ ನೆಮ್ಮದಿಯಾಗಿರುವಾಗಲೇ ಒಳಗೆ ನಾಲ್ಕು ಪಟ್ಟು ಕರೆಂಟ್ ಓಡ್ತಾ ಇರುತ್ತೆ. ನಿಧಾನವಾಗಿ ಏರು ಹತ್ತುವ ಗಾಡಿಯ ಮೋಟರ್ ಸಮತಟ್ಟಿನಲ್ಲಿ ಜೋರಾಗಿ ಓಡುವ ಗಾಡಿಯ ಮೋಟರಿಗಿಂತ ಬೇಗ ಬಿಸಿಯಾಗುವ ಗುಟ್ಟು ಇದು.

ಬಿಸಿ ಎಷ್ಟು? ಸುರುಳಿಯ ರೋಧ 10 ಮಿಲಿ ಓಮ್ ಇದ್ದರೆ 29ರ ವರ್ಗ ಗುಣಿಸು 0.01, ಅಂದರೆ 8.4 ವ್ಯಾಟ್. ಟ್ರಕ್ಕಿನ ಮೇಲೆ ಇನ್ನೂ 5 ಕೆಜಿ ಹೇರಿದರೆ ಕರೆಂಟ್ 58 ಆಗುತ್ತೆ, ಬಿಸಿ 34 ವ್ಯಾಟ್ ಆಗುತ್ತೆ. ಭಾರ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ಈಗ ಮೋಟರ್ ಬದಲಿಸದೆ ಗೇರ್ ಅನುಪಾತವನ್ನು 15:1 ಮಾಡಿ. ಕರೆಂಟ್ ಮೂರರಲ್ಲಿ ಎರಡು ಭಾಗ ಆಗುತ್ತೆ, ಬಿಸಿ ಅರ್ಧಕ್ಕಿಂತ ಕಡಿಮೆಗೆ, ಸರಿಯಾಗಿ ಹೇಳಬೇಕೆಂದರೆ 44 ಶೇಕಡಾಕ್ಕೆ ಇಳಿಯುತ್ತೆ. ಕಳೆದುಕೊಳ್ಳೋದು ಟಾಪ್ ಸ್ಪೀಡ್ ಮಾತ್ರ. 10:1ರಲ್ಲಿ ಈ ಟ್ರಕ್ಕಿನ ಲೆಕ್ಕದ ವೇಗ ಗಂಟೆಗೆ 92 ಕಿಲೋಮೀಟರ್. ಕಾಫಿ ಗಿಡಗಳ ನಡುವೆ ಆ ವೇಗ ಯಾರಿಗೆ ಬೇಕು ಹೇಳಿ? ಅಗ್ಗದ ಒಂದು ಪಿನಿಯನ್ ಮಾಡುವ ಕೆಲಸವನ್ನು ಕೆಲವೊಮ್ಮೆ ದುಬಾರಿ ಮೋಟರ್ ಕೂಡ ಮಾಡೋದಿಲ್ಲ.

ಮೇಜಿನ ಮೇಲಿನ ಪರೀಕ್ಷೆಗಳು

ಮೋಟರನ್ನು ಟ್ರಕ್ಕಿಗೆ ಕೂರಿಸುವ ಮೊದಲು ನಾವು ನಾಲ್ಕು ಪರೀಕ್ಷೆ ಮಾಡ್ತೀವಿ. ಬೇಕಾದ ಸಾಮಾನು: ಸಾಧಾರಣ ಮಲ್ಟಿಮೀಟರ್, ವೇಗ ಗೊತ್ತಿರುವ ಡ್ರಿಲ್, ಕರೆಂಟ್ ನಿಗದಿ ಮಾಡಬಹುದಾದ ಪವರ್ ಸಪ್ಲೈ. ಯಾವುದೇ ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ ಇವು ಇರುತ್ತವೆ.

ಮೊದಲನೆಯದು ಕೈಯ ಪರೀಕ್ಷೆ. ದಂಡವನ್ನು ಬೆರಳಲ್ಲಿ ತಿರುಗಿಸಿ. ಅಯಸ್ಕಾಂತದ ತಡೆ ತಡೆ ಸಮ ಅಂತರದಲ್ಲಿ ಬರಬೇಕು. ಆಮೇಲೆ ದಂಡವನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಿ. ಬೇರಿಂಗಿನಲ್ಲಿ ಆಟ ಇದ್ದರೆ ಅಲ್ಲೇ ಗೊತ್ತಾಗುತ್ತೆ. ಅಗ್ಗದ ಮೋಟರುಗಳಲ್ಲಿ ದುಡ್ಡು ಉಳಿಸುವ ಮೊದಲ ಜಾಗ ಬೇರಿಂಗ್. ಸಮಾಧಾನದ ಸಂಗತಿ ಅಂದ್ರೆ ಅದನ್ನು ಬದಲಾಯಿಸಬಹುದು.

ಎರಡನೆಯದು ಕೆವಿ ಅಳತೆ. ಮೋಟರಿನ ದಂಡವನ್ನು ಡ್ರಿಲ್ಲಿಗೆ ಹಿಡಿಸಿ ತಿರುಗಿಸಿ. ಮೂರು ವೈರುಗಳಲ್ಲಿ ಯಾವುದಾದರೂ ಎರಡರ ನಡುವೆ ಮಲ್ಟಿಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು ಓದಿ. ಡ್ರಿಲ್ಲಿನ ವೇಗವನ್ನು ಆ ವೋಲ್ಟ್ ಗುಣಿಸು 1.414ರಿಂದ ಭಾಗಿಸಿ. ಡ್ರಿಲ್ 2800 ಸುತ್ತು, ಮೀಟರಿನಲ್ಲಿ 0.90 ವೋಲ್ಟ್ ಅಂದರೆ 2200 ಕೆವಿ. ಈ ಸಂಖ್ಯೆಯನ್ನು ದಿನಾಂಕದ ಜೊತೆ ಪುಸ್ತಕದಲ್ಲಿ ಬರೆದಿಡಿ. ಲೇಬಲಿಗೆ ಹತ್ತಿರ ಇದೆಯೋ ಇಲ್ಲವೋ ಅನ್ನೋದು ಸಣ್ಣ ವಿಷಯ. ಆಮೇಲೆ ಇದೇ ಸಂಖ್ಯೆ ಬದಲಾಗಿದೆಯೋ ಅನ್ನೋದು ದೊಡ್ಡ ವಿಷಯ.

ಮೂರನೆಯದು ರೋಧ. ಮಲ್ಟಿಮೀಟರಿನ ಓಮ್ ಪಟ್ಟಿಯಲ್ಲಿ 10 ಮಿಲಿ ಓಮ್ ಓದೋಕೆ ಆಗಲ್ಲ, ಮೀಟರಿನ ವೈರಿನ ರೋಧವೇ ಅದಕ್ಕಿಂತ ಹೆಚ್ಚು. ಅದಕ್ಕೆ ಪವರ್ ಸಪ್ಲೈಯಿಂದ ಎರಡು ವೈರುಗಳ ನಡುವೆ 5 ಆಂಪಿಯರ್ ಹರಿಸಿ, ಮೋಟರಿನ ಬುಡದಲ್ಲಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಬಂದರೆ 10 ಮಿಲಿ ಓಮ್. ಮೂರು ಜೋಡಿಗೂ ಅಳೆಯಿರಿ, ಮೂರೂ ಹೆಚ್ಚುಕಡಿಮೆ ಒಂದೇ ಬರಬೇಕು. ನಾವು ನೋಡಿದ ಒಂದು ಮೋಟರಿನಲ್ಲಿ ಒಂದು ಜೋಡಿ ಬೇರೆಯಾಗೇ ನಿಂತಿತು. ಬಿಚ್ಚಿ ನೋಡಿದರೆ ಒಳಗಿನ ಬೆಸುಗೆಯಲ್ಲಿ ಎಳೆಗಳು ಸರಿಯಾಗಿ ಕೂಡಿರಲಿಲ್ಲ. ಅದು ಏರಿಗೆ ಹೋಗಿದ್ದರೆ ಅಲ್ಲೇ ಮೊದಲು ಸುಡುತ್ತಿತ್ತು.

ನಾಲ್ಕನೆಯದು ಭಾರವಿಲ್ಲದ ಕರೆಂಟ್. ಪಿನಿಯನ್ ತೆಗೆದು ಒಂದೇ ವೋಲ್ಟೇಜಿನಲ್ಲಿ ಮೋಟರುಗಳನ್ನು ಓಡಿಸಿ, ಯಾವುದು ಎಷ್ಟು ತಿನ್ನುತ್ತೆ ನೋಡಿ. ಗಾತ್ರ, ಕೆವಿ ಒಂದೇ ಆಗಿದ್ದು ಒಂದು ಮಾತ್ರ ಹೆಚ್ಚು ತಿಂದರೆ ಅದರ ಕಬ್ಬಿಣದ ಹಾಳೆಗಳು ದಪ್ಪ ಅಥವಾ ಕಳಪೆ ಎಂದರ್ಥ, ಇಲ್ಲವೇ ಬೇರಿಂಗ್ ಬಿಗಿ. ಅಂಥ ಮೋಟರ್ ಕೆಲಸವಿಲ್ಲದೆಯೂ ಬಿಸಿಯಾಗುತ್ತೆ.

ಏರಿನ ಮೇಲಿನ ಪರೀಕ್ಷೆ

ಮೇಜಿನ ಪರೀಕ್ಷೆ ದಾಟಿದ ಮೋಟರಿಗೆ ಆಮೇಲೆ ತೋಟದ ದಾರಿ. ಒಂದೇ ಏರು, ಒಂದೇ ಬ್ಯಾಟರಿ, ಒಂದೇ ಪಿನಿಯನ್, ಒಂದೇ ಭಾರ. ಬದಲಾಗೋದು ಮೋಟರ್ ಒಂದೇ. ಮೇಲೆ ಹೋಗಿ ಕೆಳಗೆ ಬರೋದು ಒಂದು ಸುತ್ತು. ಪ್ರತಿ ಎರಡು ಸುತ್ತಿಗೆ ನಿಲ್ಲಿಸಿ ಉಷ್ಣಾಂಶ ಬರೆದುಕೊಳ್ಳೋದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಈ ಬರೆದುಕೊಳ್ಳುವ ಕೆಲಸಕ್ಕೆ ಯಾರೂ ಮುಂದೆ ಬರಲ್ಲ, ನಿಂತಲ್ಲೇ ಇಂಬಳ ಹತ್ತುತ್ತೆ. ಆದರೂ ಮಾಡಬೇಕು.

ಉಷ್ಣಾಂಶ ಅಳೆಯುವುದರಲ್ಲಿ ಎರಡು ಎಚ್ಚರಿಕೆ. ಅವಕೆಂಪು ಥರ್ಮಾಮೀಟರ್, ಆ ಗನ್ನಿನ ಥರದ್ದು, ಹೊಳೆಯುವ ಅಲ್ಯೂಮಿನಿಯಂ ಮೇಲೆ ಸರಿಯಾಗಿ ಓದೋದಿಲ್ಲ, ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತೆ. ಡಬ್ಬಿಯ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಗುರಿಯಿಡಿ. ಎರಡನೆಯದು, ಟ್ರಕ್ ನಿಲ್ಲಿಸಿದ ತಕ್ಷಣದ ಓದು ಕೊನೆಯ ಓದಲ್ಲ. ಒಳಗಿನ ಬಿಸಿ ಹೊರಗೆ ಬರಲು ಒಂದೆರಡು ನಿಮಿಷ ಬೇಕು. ಆಗ ಡಬ್ಬಿಯ ಉಷ್ಣಾಂಶ ಇನ್ನೂ ಏರುತ್ತೆ.

ಹಾಗಾದ್ರೆ ಒಳಗಿನ ನಿಜವಾದ ಬಿಸಿ ತಿಳಿಯೋದು ಹೇಗೆ? ತಾಮ್ರವೇ ಹೇಳುತ್ತೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತೆ. ಬೆಳಗ್ಗೆ 25 ಡಿಗ್ರಿಯಲ್ಲಿ 10.0 ಮಿಲಿ ಓಮ್ ಇದ್ದ ಸುರುಳಿ, ಓಡಿಸಿ ನಿಲ್ಲಿಸಿದ ಕೂಡಲೇ 12.4 ತೋರಿಸಿದರೆ ಏರಿಕೆ 24 ಶೇಕಡಾ. 0.39ರಿಂದ ಭಾಗಿಸಿ, 61 ಡಿಗ್ರಿ. ಅಂದರೆ ಸುರುಳಿ 86 ಡಿಗ್ರಿಯಲ್ಲಿದೆ. ದೊಡ್ಡ ಕಾರ್ಖಾನೆಯ ಮೋಟರುಗಳಿಗೂ ಇದೇ ವಿಧಾನ ಬಳಸ್ತಾರೆ.

ನಮ್ಮ ನಿಯಮ ಸರಳ. ಟೇಪಿನ ಮೇಲೆ 80 ಡಿಗ್ರಿ ಕಂಡರೆ ಪರೀಕ್ಷೆ ನಿಲ್ಲಿಸಿ, ಹಲ್ಲು ಕಡಿಮೆ ಇರುವ ಪಿನಿಯನ್ ಹಾಕಿ, ತಣಿದ ಮೇಲೆ ಮತ್ತೆ ಶುರು. ಇನ್ನೊಂದು ವಿಷಯ, ಕೆಸರಲ್ಲಿ ಚಕ್ರ ಸಿಕ್ಕಿಕೊಂಡಾಗ ಥ್ರಾಟಲ್ ಒತ್ತಿ ಹಿಡಿಯಲೇಬಾರದು. ತಿರುಗದ ಮೋಟರಿಗೆ ಹೋಗುವ ಶಕ್ತಿಯೆಲ್ಲ ಬಿಸಿಯೇ. 100 ಆಂಪಿಯರ್ 10 ಮಿಲಿ ಓಮ್‌ನಲ್ಲಿ ಹರಿದರೆ 100 ವ್ಯಾಟ್. ಒಳಗೆ 100 ಗ್ರಾಂ ತಾಮ್ರ ಇದೆ ಅಂದ್ಕೊಂಡರೆ ಸೆಕೆಂಡಿಗೆ ಎರಡೂವರೆ ಡಿಗ್ರಿಗಿಂತ ಹೆಚ್ಚು ಏರುತ್ತೆ. ಇಪ್ಪತ್ತು ಸೆಕೆಂಡಿಗೆ ಐವತ್ತು ಡಿಗ್ರಿ.

ಅಯಸ್ಕಾಂತದ ಗುಟ್ಟು

ಈಗ ಈ ಪ್ರಬಂಧದ ಮುಖ್ಯ ಮಾತಿಗೆ ಬರ್ತೀನಿ. ಸುರುಳಿ ಸುಟ್ಟರೆ ವಾಸನೆ ಬರುತ್ತೆ, ಹೊಗೆ ಬರುತ್ತೆ, ಎಲ್ಲರಿಗೂ ಗೊತ್ತಾಗುತ್ತೆ. ಅಯಸ್ಕಾಂತ ಸತ್ತರೆ ಸದ್ದೂ ಇಲ್ಲ, ವಾಸನೆಯೂ ಇಲ್ಲ.

ನಿಯೋಡಿಮಿಯಂ ಅಯಸ್ಕಾಂತದಲ್ಲಿ ದರ್ಜೆಗಳಿವೆ. ಸಾಮಾನ್ಯ ದರ್ಜೆ 80 ಡಿಗ್ರಿವರೆಗೆ, ‘ಎಚ್’ 120, ‘ಎಸ್‌ಎಚ್’ 150, ‘ಯುಎಚ್’ 180 ಡಿಗ್ರಿವರೆಗೆ ಅಂತ ಲೆಕ್ಕ. ಆ ಮಿತಿ ದಾಟಿದ ಬಿಸಿಯಲ್ಲಿ ಜೋರು ಕರೆಂಟಿನ ಎದುರು ಕ್ಷೇತ್ರವೂ ಸೇರಿದರೆ ಅಯಸ್ಕಾಂತ ತನ್ನ ಬಲದ ಒಂದಿಷ್ಟನ್ನು ಕಳೆದುಕೊಳ್ಳುತ್ತೆ. ತಣಿದರೂ ಅದು ಮರಳಿ ಬರಲ್ಲ. ಹೆಚ್ಚು ಬಿಸಿ ತಡೆಯುವ ದರ್ಜೆಗೆ ಸಾಮಾನ್ಯವಾಗಿ ಡಿಸ್ಪ್ರೋಸಿಯಂ ಅನ್ನೋ ಅಪರೂಪದ ಲೋಹ ಬೆರೆಸುತ್ತಾರೆ, ಅದು ದುಬಾರಿ. ಚೀನಾ 2025ರ ಏಪ್ರಿಲ್‌ನಲ್ಲಿ ಡಿಸ್ಪ್ರೋಸಿಯಂ ಸೇರಿದಂತೆ ಏಳು ಅಪರೂಪದ ಧಾತುಗಳ ರಫ್ತಿಗೆ ನಿರ್ಬಂಧ ಹಾಕಿದಾಗ ನಮ್ಮ ದೇಶದ ವಿದ್ಯುತ್ ವಾಹನ ತಯಾರಕರೂ ತತ್ತರಿಸಿದರು. ಇದೇ ಕೇರಳದ ಕರಾವಳಿಯ ಮರಳಿನಲ್ಲಿ ಮೊನಜೈಟ್ ಇದೆ, 1950ರಲ್ಲಿ ಸ್ಥಾಪನೆಯಾದ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆಯ ಆಲುವಾ ಘಟಕ 1952ರಿಂದ ಕೆಲಸ ಮಾಡುತ್ತಿದೆ. ಆದರೆ ನಮ್ಮ ಮೊನಜೈಟಿನಲ್ಲಿ ನಿಯೋಡಿಮಿಯಂನಂಥ ಹಗುರ ಧಾತುಗಳೇ ಹೆಚ್ಚು, ಡಿಸ್ಪ್ರೋಸಿಯಂ ತೀರಾ ಕಡಿಮೆ. ಹಾಗಾಗಿ ಬೆಲೆ ಇಳಿಸಬೇಕಾದ ತಯಾರಕ ಎಲ್ಲಿ ಕೈ ಹಿಡಿಯುತ್ತಾನೆ ಅನ್ನೋದು ಊಹೆಗೆ ಸುಲಭ. ಹೊರಗಿನಿಂದ ನೋಡಿದರೆ ದರ್ಜೆ ತಿಳಿಯೋದೇ ಇಲ್ಲ.

ತಿಳಿಯುವ ದಾರಿ ಒಂದಿದೆ. ಏರಿನ ಪರೀಕ್ಷೆ ಮುಗಿಸಿ, ಮೋಟರ್ ಪೂರ್ತಿ ತಣಿದ ಮೇಲೆ, ಅದೇ ಡ್ರಿಲ್ಲಿಗೆ ಹಾಕಿ ಮತ್ತೆ ಕೆವಿ ಅಳೆಯಿರಿ. ಮೊದಲು 2200 ಇದ್ದದ್ದು ಈಗಲೂ 2200 ಇದ್ದರೆ ಮೋಟರ್ ಪಾಸ್. 2400 ಆಗಿದ್ದರೆ? ‘ಮೋಟರ್ ಫ್ರೀ ಆಗಿದೆ, ಸ್ಪೀಡ್ ಜಾಸ್ತಿ ಆಗಿದೆ’ ಅಂತ ಖುಷಿಪಡೋರನ್ನ ನೋಡಿದ್ದೀನಿ. ನಿಜಾಂಶ ಏನಂದ್ರೆ ಅಯಸ್ಕಾಂತ ಬಲ ಕಳೆದುಕೊಂಡಿದೆ. ಭಾರ ಇಲ್ಲದಾಗ ಜೋರಾಗಿ ತಿರುಗುತ್ತೆ, ಏರಿನಲ್ಲಿ ಅದೇ ಎಳೆತಕ್ಕೆ ಹೆಚ್ಚು ಕರೆಂಟ್ ಬೇಡುತ್ತೆ, ಇನ್ನಷ್ಟು ಬಿಸಿಯಾಗುತ್ತೆ, ಇನ್ನಷ್ಟು ಬಲ ಕಳೆದುಕೊಳ್ಳುತ್ತೆ. ಸಕ್ಕರೆ ಕಾಯಿಲೆಯ ಹಾಗೆ, ಒಳಗೊಳಗೇ ತಿನ್ನುವ ರೋಗ.

ನಾವು ಪರೀಕ್ಷಿಸಿದ ಅಗ್ಗದ ಮೋಟರುಗಳಲ್ಲಿ ಕೆಲವು ಈ ಪರೀಕ್ಷೆಯನ್ನು ಏನೂ ಆಗದ ಹಾಗೆ ದಾಟಿದವು, ಕೆಲವು ದಾಟಲಿಲ್ಲ. ಹೊರಗಿನ ಬಣ್ಣ, ಲೇಬಲಿನ ವ್ಯಾಟ್, ಬೆಲೆ, ಇವು ಮೂರರಲ್ಲಿ ಯಾವುದೂ ಅದನ್ನು ಮೊದಲೇ ಹೇಳಲಿಲ್ಲ. ಹೇಳಿದ್ದು ಡ್ರಿಲ್ ಮತ್ತು ಮಲ್ಟಿಮೀಟರ್.

ಮಳೆ ಮತ್ತು ಇಳಿಜಾರು

ಬ್ರಷ್‌ಲೆಸ್ ಮೋಟರಿನ ಸುರುಳಿಗೆ ನೀರು ತಾಗಿದರೆ ಕೂಡಲೇ ಏನೂ ಆಗಲ್ಲ, ತಂತಿಗೆ ಎನಾಮಲ್ ಇರುತ್ತೆ. ಕೆಡೋದು ಬೇರಿಂಗ್. ಕೆಸರಿನಲ್ಲಿ ಓಡಿಸಿದ ದಿನವೇ ತೊಳೆದು, ಒಣಗಿಸಿ, ಒಂದೊಂದು ಹನಿ ಎಣ್ಣೆ ಬಿಡಬೇಕು. ನಾಳೆ ಅಂದರೆ ಇಲ್ಲಿಯ ಹವೆಗೆ ತುಕ್ಕು ಕಾಯೋದಿಲ್ಲ. ಸೆನ್ಸರ್ ಇರುವ ಮೋಟರಾದರೆ ಅದರ ಸಣ್ಣ ಕನೆಕ್ಟರಿಗೆ ನೀರು ಹೋಗದಂತೆ ಗ್ರೀಸ್ ಹಚ್ಚಿ. ಸೆನ್ಸರ್ ಯಾಕೆ ಬೇಕು ಅಂದ್ರೆ, ಅದಿಲ್ಲದ ಮೋಟರಿನಲ್ಲಿ ಅಯಸ್ಕಾಂತ ಎಲ್ಲಿದೆ ಅಂತ ಇಎಸ್‌ಸಿ ತಿಳಿಯೋದು ತಿರುಗುವಾಗ ಹುಟ್ಟುವ ವೋಲ್ಟೇಜಿನಿಂದ. ನಿಂತಾಗ ಆ ವೋಲ್ಟೇಜ್ ಸೊನ್ನೆ. ಅದಕ್ಕೇ ಭಾರ ಹೊತ್ತು ಏರಿನ ಮಧ್ಯೆ ನಿಂತು ಮತ್ತೆ ಹೊರಡುವಾಗ ಗಡಗಡ ನಡುಗುತ್ತೆ.

ಇದೇ ಕಾರಣದಿಂದ ಬ್ರೇಕಿನ ವಿಷಯ ಬರುತ್ತೆ. ದಯವಿಟ್ಟು ಇದನ್ನ ಗಮನ ಇಟ್ಟು ಕೇಳಿ. ಸಾಮಾನ್ಯ ಇಎಸ್‌ಸಿ ಮೂರು ವೈರುಗಳನ್ನು ಒಂದಕ್ಕೊಂದು ಜೋಡಿಸಿ ಮೋಟರನ್ನು ತಡೆಯುತ್ತೆ. ತಿರುಗುತ್ತಿರುವಾಗ ಮಾತ್ರ ಆ ತಡೆ ಹುಟ್ಟುತ್ತೆ. ನಿಂತ ಗಾಡಿಯನ್ನು ಅದು ಪೂರ್ತಿ ಹಿಡಿದಿಡೋದಿಲ್ಲ. ಇಳಿಜಾರಿನಲ್ಲಿ ಭಾರ ಹೇರಿದ ಟ್ರಕ್ಕು ಮೆಲ್ಲಗೆ ಜಾರ್ತಾ ಹೋಗುತ್ತೆ. ಬ್ಯಾಟರಿ ಕಡಿದರೆ ಆ ತಡೆಯನ್ನೂ ನಂಬುವ ಹಾಗಿಲ್ಲ. ಆದ್ದರಿಂದ ಮನುಷ್ಯರು ಕೆಳಗಿರುವ ಜಾಗದಲ್ಲಿ ಓಡಿಸುವ ಗಾಡಿಗೆ ಮೋಟರ್ ಎಷ್ಟೇ ಒಳ್ಳೆಯದಿದ್ದರೂ ಬೇರೆ ಯಾಂತ್ರಿಕ ಬ್ರೇಕ್ ಇರಲೇಬೇಕು. ಸ್ಪ್ರಿಂಗಿನಿಂದ ಹಿಡಿದುಕೊಂಡು, ಕರೆಂಟ್ ಇದ್ದಾಗ ಮಾತ್ರ ಬಿಡುವಂಥದ್ದು. ಅದಿಲ್ಲದೆ ಭಾರದ ಪರೀಕ್ಷೆಗೆ ನಾನು ಯಾರಿಗೂ ಒಪ್ಪಿಗೆ ಕೊಡೋದಿಲ್ಲ.

ಪ್ರಶ್ನೋತ್ತರ

ಚಾಟ್‌ನಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ತಗೊಳ್ತೀನಿ.

‘ನಿಧಾನ ಹೋಗೋದಾದರೆ ಹಳೆಯ ಬ್ರಷ್ ಮೋಟರೇ ಸಾಕಲ್ಲವೇ?’ ಸಾಕು, ಎಷ್ಟೋ ಸಲ ಅದೇ ಉತ್ತಮ. ನಿಂತಲ್ಲಿಂದ ನಡುಕ ಇಲ್ಲದೆ ಹೊರಡುತ್ತೆ, ಇಎಸ್‌ಸಿ ಅಗ್ಗ. ಬ್ರಷ್ ಸವೆಯುತ್ತೆ, ಕೆಸರು ನೀರಲ್ಲಿ ಇನ್ನೂ ಬೇಗ ಸವೆಯುತ್ತೆ ಅನ್ನೋದೊಂದೇ ತೊಂದರೆ. ಮಾದರಿ ಗಾಡಿಗೆ ಅದನ್ನು ಪರಿಗಣಿಸಿ.

‘ಫ್ಯಾನ್ ಹಾಕಿದರೆ ಬಿಸಿಯ ಸಮಸ್ಯೆ ಹೋಗುತ್ತಾ?’ ಡಬ್ಬಿ ತಣಿಯುತ್ತೆ, ಸುರುಳಿಗೂ ಸಹಾಯ ಆಗುತ್ತೆ. ಒಳಗಿನ ಅಯಸ್ಕಾಂತಕ್ಕೆ ಅಷ್ಟು ಬೇಗ ತಲುಪಲ್ಲ. ಮೊದಲು ಪಿನಿಯನ್, ಆಮೇಲೆ ಫ್ಯಾನ್. ಫ್ಯಾನ್ ಹಾಕಿದ ಮೇಲೆ ಟೇಪಿನ ಮೇಲಿನ ಓದು ಕಡಿಮೆ ಕಾಣುತ್ತೆ, ಅದನ್ನ ನಂಬಬೇಡಿ, ರೋಧದ ವಿಧಾನ ಬಳಸಿ.

‘ಇದೇ ಮೋಟರಲ್ಲಿ 50 ಕೆಜಿ ಮೂಟೆ ಹೊರುವ ಗಾಡಿ ಮಾಡಬಹುದಾ?’ ಲೆಕ್ಕ ನೋಡೋಣ. ಗಾಡಿ 30, ಮೂಟೆ 50, ಒಟ್ಟು 80 ಕೆಜಿ. ನಮ್ಮ ಟ್ರಕ್ಕಿನ ಹದಿನಾರು ಪಟ್ಟು, ಎಳೆಯಲು 230 ನ್ಯೂಟನ್. ನಡಿಗೆಯ ವೇಗ ಸೆಕೆಂಡಿಗೆ 1 ಮೀಟರ್ ಅಂದರೆ 230 ವ್ಯಾಟ್. ವ್ಯಾಟ್ ನೋಡಿದರೆ ಆಗಬಹುದು ಅನಿಸುತ್ತೆ. ಆದರೆ 30 ಸೆಂಟಿಮೀಟರ್ ಚಕ್ರಕ್ಕೆ 100:1 ಗೇರ್ ಹಾಕಿದರೂ, ಗೇರಿನ ನಷ್ಟ ಸೇರಿಸಿ, ಸುರುಳಿಯಲ್ಲಿ ನೂರು ಆಂಪಿಯರಿನ ಹತ್ತಿರ ಹೋಗುತ್ತೆ, ಅದೂ ನಿಲ್ಲದೆ. ಅದು ಈ ಮೋಟರಿನ ಕೆಲಸ ಅಲ್ಲ. ಅದಕ್ಕೆ ವಿದ್ಯುತ್ ರಿಕ್ಷಾದಲ್ಲಿ ಬಳಸುವ 48 ವೋಲ್ಟಿನ ದೊಡ್ಡ ಮೋಟರ್ ನೋಡಿ. ಸಣ್ಣ ಟ್ರಕ್ಕು ಇರೋದು ಗೇರು, ಬ್ರೇಕು, ನಿಯಂತ್ರಣ ಕಲಿಯೋಕೆ, ಕಡಿಮೆ ಖರ್ಚಿನಲ್ಲಿ.

ಉಪಸಂಹಾರ

ಸುಲ್ತಾನ್ ಬತ್ತೇರಿಗೆ ಆ ಹೆಸರು ಬಂದದ್ದು ಟಿಪ್ಪುವಿನ ಕಾಲದ ಫಿರಂಗಿ ಮದ್ದಿನ ಬ್ಯಾಟರಿಯಿಂದ. ಇವತ್ತು ಅದೇ ಊರಿನ ಹುಡುಗರು ಬೇರೆ ಬ್ಯಾಟರಿ ಹಿಡಿದು ಬರ್ತಾರೆ. ಅವರಿಗೆ ನಾನು ಹೇಳೋದನ್ನೇ ಇಲ್ಲೂ ಹೇಳಿ ಮುಗಿಸ್ತೀನಿ.

ಅಗ್ಗದ ಮೋಟರ್ ಕೊಳ್ಳೋದರಲ್ಲಿ ತಪ್ಪಿಲ್ಲ. ದುಬಾರಿ ಮೋಟರ್ ತಯಾರಿಸಿದವನು ತನ್ನ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿ ಅದರ ಖರ್ಚನ್ನೂ ಬೆಲೆಯಲ್ಲಿ ಸೇರಿಸಿರ್ತಾನೆ. ಅಗ್ಗದ್ದನ್ನು ಕೊಂಡರೆ ಆ ಪರೀಕ್ಷೆ ನಮ್ಮ ಪಾಲಿಗೆ ಬರುತ್ತೆ. ಮೂರು ಜೋಡಿ ರೋಧ, ಏರಿಗೆ ಮೊದಲು ಕೆವಿ, ಏರಿನ ಮೇಲೆ ಉಷ್ಣಾಂಶ, ತಣಿದ ಮೇಲೆ ಮತ್ತೆ ಕೆವಿ, ಕೊನೆಗೆ ಮೋಟರನ್ನು ನಂಬದ ಬ್ರೇಕ್. ಒಂದು ಮಧ್ಯಾಹ್ನದ ಕೆಲಸ. ಅದನ್ನು ಮಾಡಿ, ಅಂಕಿಗಳನ್ನು ಬರೆದಿಟ್ಟು, ಮುಂದಿನ ವರ್ಷದ ಹುಡುಗರಿಗೆ ಆ ಪುಸ್ತಕ ಕೊಡಿ. ನಿಮ್ಮ ಮೋಟರಿಗಿಂತ ಆ ಪುಸ್ತಕ ಹೆಚ್ಚು ಕಾಲ ಬಾಳುತ್ತೆ.